ಹೆದ್ದಾರಿಯ ಗಾಯಾಳುವೂ ಹಳ್ಳಿಯ ಆಸ್ಪತ್ರೆಯೂ: ಅಹಮದಾಬಾದು–ಸೂರತ್ತು ಮಾರ್ಗದ ಚರಿತ್ರೆಯ ಒಂದು ಪುಟ

ರಸ್ತೆಗಳ ಚರಿತ್ರೆಯನ್ನು ಬರೆದವರು ಅವುಗಳ ಮೇಲೆ ಸಾಗಿದ ಸೇನೆಗಳನ್ನೂ ಸಾರ್ಥವಾಹರನ್ನೂ ಕುರಿತು ಎಷ್ಟೋ ಬರೆದಿದ್ದಾರೆ. ಅವುಗಳ ಮೇಲೆ ಬಿದ್ದವರನ್ನು ಕುರಿತು ಬರೆದವರು ವಿರಳ. ಗುಜರಾತಿನ ದಕ್ಷಿಣ ಭಾಗವಾದ ಲಾಟದೇಶವು ಕನ್ನಡಿಗರಿಗೆ ಅಪರಿಚಿತವಾದ ನೆಲವೇನೂ ಅಲ್ಲ. ಬಾದಾಮಿಯ ಚಾಲುಕ್ಯರ ಒಂದು ಶಾಖೆ ನವಸಾರಿಯಲ್ಲಿದ್ದು ಆಳಿತು. ಆ ಶಾಖೆಯ ಅವನಿಜನಾಶ್ರಯ ಪುಲಕೇಶಿಯು ಅರಬ್ಬರ ದಂಡನ್ನು ತಡೆದುದನ್ನು ಕ್ರಿ. ಶ. 739ರ ನವಸಾರಿಯ ತಾಮ್ರಶಾಸನವು ವರ್ಣಿಸುತ್ತದೆ. ತರುವಾಯ ರಾಷ್ಟ್ರಕೂಟರ ಲಾಟಶಾಖೆಯೂ ಅಲ್ಲಿ ನೆಲೆಗೊಂಡಿತು. ಆ ಕಾಲದಲ್ಲಿ ಮಾನ್ಯಖೇಟಕ್ಕೂ ಭೃಗುಕಚ್ಛಕ್ಕೂ ನಡುವೆ ಓಡಾಡಿದವರ ದಾರಿಯನ್ನು ಇಂದು ಗೆರೆಯೆಳೆದು ತೋರಿಸುವುದು ಕಷ್ಟ. ಆದರೆ 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಅಂಕೆಗಳನ್ನು ಕೊಟ್ಟಾಗ, ದೆಹಲಿಯಿಂದ ಅಹಮದಾಬಾದು, ವಡೋದರ, ಸೂರತ್ತುಗಳ ಮೇಲೆ ಮುಂಬಯಿಗೆ ಬರುತ್ತಿದ್ದ ಹಳೆಯ 8ನೆಯ ಹೆದ್ದಾರಿಯೂ, ಮುಂಬಯಿಯಿಂದ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳನ್ನು ಹಾದು ಬೆಂಗಳೂರಿಗೆ ಹೋಗುತ್ತಿದ್ದ ಹಳೆಯ 4ನೆಯ ಹೆದ್ದಾರಿಯೂ ಒಂದೇ ದಾರಿಯಾಗಿ 48 ಎಂಬ ಅಂಕೆಯನ್ನು ಪಡೆದುವು. ಸೂರತ್ತಿನ ಬಳಿ ಕಾಮರೇಜಿನಲ್ಲಿ ನಿಂತ ಕನ್ನಡಿಗನ ಕಾಲ ಕೆಳಗಿನ ರಸ್ತೆಯೇ ಅವನ ಊರಿನ ಹೊಲಗಳ ಬದಿಯಲ್ಲಿಯೂ ಹಾಯುತ್ತದೆ. ಈ ಒಂದೇ ರಸ್ತೆಯ ಮೇಲೆ ಗಾಯಗೊಂಡವನಿಗೆ ಹತ್ತಿರದ ಹಳ್ಳಿಯ ಆಸ್ಪತ್ರೆಯಲ್ಲಿ ಏನು ದೊರೆಯುತ್ತಿತ್ತು, ಏನು ದೊರೆಯದೆ ಹೋಯಿತು ಎಂಬುದೇ ಪ್ರಕೃತ ಲೇಖನದ ವಿಷಯ.

ಈ ವಿಷಯಕ್ಕೆ ಆಧಾರವಾಗಬಲ್ಲ ಪುಸ್ತಕಗಳು ಎರಡು ಬಗೆಯವು. ಒಂದು ಪೋಲೀಸು ಠಾಣೆಯ ಪುಸ್ತಕ, ಇನ್ನೊಂದು ಆಸ್ಪತ್ರೆಯ ಪುಸ್ತಕ. ಠಾಣೆಯ ಪುಸ್ತಕದಲ್ಲಿರುವುದನ್ನು ಸರ್ಕಾರವು ಕೂಡಿಸಿ ವರ್ಷಕ್ಕೊಮ್ಮೆ ಅಚ್ಚುಹಾಕಿಸುತ್ತದೆ. ಆಸ್ಪತ್ರೆಯ ಪುಸ್ತಕವು, ಅದರಲ್ಲಿಯೂ ತಾಲ್ಲೂಕಿನ ಆಸ್ಪತ್ರೆಯ ಪುಸ್ತಕವು, ತುಂಬಿದ ಮೇಲೆ ಬೀರುವಿನೊಳಗೆ ಸೇರುತ್ತದೆ. ಮೊದಲನೆಯದು ವಾಹನವನ್ನು ಕುರಿತದ್ದು: ಯಾವ ಲಾರಿ, ಯಾವ ದಿಕ್ಕು, ಯಾರ ತಪ್ಪು. ಎರಡನೆಯದು ದೇಹವನ್ನು ಕುರಿತದ್ದು: ಯಾವ ಮೂಳೆ, ಎಷ್ಟು ಹೊತ್ತಿಗೆ ಬಂದ, ಯಾರು ಕರೆತಂದರು, ಎಲ್ಲಿಗೆ ಕಳುಹಿಸಲಾಯಿತು. ಇವೆರಡೂ ಒಂದನ್ನೊಂದು ಹೋಲುವುದಿಲ್ಲವೆಂಬುದಕ್ಕೆ ಅಚ್ಚಾದ ಅಂಕಿಗಳಲ್ಲಿಯೇ ಸುಳಿವಿದೆ. 2022ರಲ್ಲಿ ಗುಜರಾತಿನಲ್ಲಿ 15,751 ಅಪಘಾತಗಳೂ ಅವುಗಳಿಂದ 7,618 ಮರಣಗಳೂ ದಾಖಲಾದುವು. ಅದೇ ವರ್ಷ ಕರ್ನಾಟಕದಲ್ಲಿ ಅಪಘಾತಗಳು 39,762, ಮರಣಗಳು 11,702. ಗುಜರಾತಿನಲ್ಲಿ ನೂರು ಅಪಘಾತಗಳಿಗೆ 48 ಸಾವು, ಕರ್ನಾಟಕದಲ್ಲಿ 29. ಗುಜರಾತಿನ ರಸ್ತೆಗಳು ಕರ್ನಾಟಕದ ರಸ್ತೆಗಳಿಗಿಂತ ಒಂದೂವರೆ ಪಟ್ಟು ಕ್ರೂರವೆಂದು ಇದರಿಂದ ತೀರ್ಮಾನಿಸುವುದು ಅವಸರದ ಮಾತು. ಕಾಲು ಮುರಿದು ಬದುಕಿಕೊಂಡವನು ಠಾಣೆಯ ಪುಸ್ತಕವನ್ನು ಸೇರದೆ ಹೋದಲ್ಲಿ ಸಾವಿನ ಪಾಲು ತಾನಾಗಿಯೇ ಏರುತ್ತದೆ. ಸತ್ತವನನ್ನು ಮರೆಮಾಡುವುದು ಕಷ್ಟ. ಗಾಯಗೊಂಡವನು ಎಣಿಕೆಯಿಂದ ಸುಲಭವಾಗಿ ಜಾರಿಹೋಗುತ್ತಾನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಜಿ. ಗುರುರಾಜ್ ಅವರೂ ಅವರ ಸಂಗಡಿಗರೂ ಠಾಣೆಯ ಲೆಕ್ಕವನ್ನೂ ಆಸ್ಪತ್ರೆಯ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಕ್ರಮವನ್ನು ಹಾಕಿಕೊಟ್ಟದ್ದು ಈ ಕಾರಣದಿಂದಲೇ ಮಹತ್ವದ ಕೆಲಸ.

ಮೋಟಾರಿಗೆ ಮುಂಚಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಅಹಮದಾಬಾದಿನಲ್ಲಿ ಹಠೀಸಿಂಗ್ ಮತ್ತು ಪ್ರೇಮಾಭಾಯಿ ಎಂಬ ಶೆಟ್ಟರ ಕೊಡುಗೆಯಿಂದ 1858ರಲ್ಲಿ ಎದ್ದ ಆಸ್ಪತ್ರೆಯೇ ಇಂದಿನ ಸಿವಿಲ್ ಆಸ್ಪತ್ರೆಯ ಮೂಲ. ವಾಡೀಲಾಲ್ ಸಾರಾಭಾಯಿ ಆಸ್ಪತ್ರೆ ಬಂದದ್ದು 1931ರಲ್ಲಿ. ವಡೋದರದಲ್ಲಿ ಗಾಯಕವಾಡರ ಸಂಸ್ಥಾನವು ಆಸ್ಪತ್ರೆಯನ್ನು ಕಟ್ಟಿತು. ಅದು ಸಯಾಜಿರಾಯರ ಹೆಸರನ್ನು ಹೊತ್ತು ಇಂದಿಗೂ ನಡೆದಿದೆ. ಸೂರತ್ತಿನ ಸರ್ಕಾರಿ ವೈದ್ಯಕೀಯ ಕಾಲೇಜು 1964ರದು. ಇವೆಲ್ಲ ಪಟ್ಟಣದ ಮಾತು. ಹಳ್ಳಿಯಲ್ಲಿ ಮೂಳೆ ಮುರಿದವನು ಹೋಗುತ್ತಿದ್ದುದು ಹಾಡವೈದನ ಬಳಿಗೆ. ಗುಜರಾತಿಯಲ್ಲಿ ಹಾಡವೆಂದರೆ ಎಲುಬು. ಕನ್ನಡನಾಡಿನಲ್ಲಿ ಪುತ್ತೂರು ಕಟ್ಟಿಗೆ ಯಾವ ಸ್ಥಾನವಿದೆಯೋ ಅಲ್ಲಿ ಹಾಡವೈದನ ಪಟ್ಟಿಗೆ ಅದೇ ಸ್ಥಾನ. ಮರದಿಂದ ಬಿದ್ದವನ, ಎತ್ತು ತಳ್ಳಿದವನ ಮುಂಗೈ ಮುರಿತಕ್ಕೆ ಅವನ ಕೈಗುಣ ಸಾಲುತ್ತಿತ್ತು. ಮುರಿದ ಎಲುಬು ಚರ್ಮವನ್ನು ಸೀಳಿ ಹೊರಬರದೆ ಇದ್ದರೆ ಪ್ರಕೃತಿಯೇ ಅರ್ಧ ಕೆಲಸವನ್ನು ಮಾಡುತ್ತದೆ. ಲಾರಿಯ ಗಾಲಿಯಡಿ ಜಜ್ಜಿದ ಕಾಲಿಗೆ ಬಿದಿರಿನ ದಬ್ಬೆಯನ್ನು ಬಿಗಿದು ಕಟ್ಟಿದಾಗಲಾದರೋ, ಒಳಗೆ ಬಾವು ಏರಿ ರಕ್ತದ ಓಟ ನಿಂತು ಕಾಲೇ ಕೊಳೆಯುವುದುಂಟು. ಹಾಡವೈದನ ವಿದ್ಯೆ ಸುಳ್ಳೆಂದು ಇದರ ಅರ್ಥವಲ್ಲ. ಅದು ಎತ್ತಿನ ಗಾಡಿಯ ವೇಗಕ್ಕೆ ತಕ್ಕ ವಿದ್ಯೆಯಾಗಿತ್ತು.

ಯಂತ್ರದಿಂದಾಗುವ ಗಾಯವು ಗುಜರಾತಿಗೆ ಮೊದಲು ಬಂದದ್ದು ರಸ್ತೆಯಿಂದಲ್ಲ, ರೈಲಿನಿಂದ ಮತ್ತು ಗಿರಣಿಯಿಂದ. 1860ರಲ್ಲಿ ಸೂರತ್ತಿನ ಬಳಿಯ ಉತ್ರಾಣದಿಂದ ಅಂಕಲೇಶ್ವರಕ್ಕೆ ರೈಲು ಓಡಿತು. 1861ರಲ್ಲಿ ರಣಛೋಡಲಾಲ್ ಛೋಟಾಲಾಲರು ಅಹಮದಾಬಾದಿನ ಮೊದಲ ಬಟ್ಟೆಗಿರಣಿಯನ್ನು ನಡೆಯಿಸತೊಡಗಿದರು. ಗಿರಣಿಯ ಗಾಯಕ್ಕೆ ಒಬ್ಬ ಒಡೆಯನಿದ್ದನು. 1923ರ ಕಾರ್ಮಿಕ ಪರಿಹಾರ ಶಾಸನವು ಹೆಬ್ಬೆರಳಿಗಿಷ್ಟು, ತೋರುಬೆರಳಿಗಿಷ್ಟು ಎಂದು ಅನುಬಂಧದಲ್ಲಿ ಲೆಕ್ಕ ಹಾಕಿಕೊಟ್ಟಿತು. 1948ರ ರಾಜ್ಯವಿಮಾ ಶಾಸನದಿಂದ ಗಿರಣಿಯ ಕೆಲಸಗಾರನಿಗೆ ಆಸ್ಪತ್ರೆಯ ಹಾಸಿಗೆಯೂ ಸಿಕ್ಕಿತು. ರಸ್ತೆಯ ಗಾಯಕ್ಕೆ ಒಡೆಯನಾರು? ಮೋಟಾರು ವಾಹನಗಳನ್ನು ಕುರಿತ ಶಾಸನ 1914ರಲ್ಲಿಯೂ ಮತ್ತೆ 1939ರಲ್ಲಿಯೂ ಬಂದಿತಾದರೂ, ಗಾಯಾಳುವಿನ ದೂರನ್ನು ಕೇಳುವುದಕ್ಕೆಂದೇ ಪರಿಹಾರ ನ್ಯಾಯಮಂಡಳಿಗಳನ್ನು ಏರ್ಪಡಿಸಲು ದಾರಿಯಾದದ್ದು 1956ರ ತಿದ್ದುಪಡಿಯಿಂದ. ಅಲ್ಲಿಯವರೆಗೆ ಬಸ್ಸಿನ ಕೆಳಗೆ ಕಾಲು ಕಳೆದುಕೊಂಡ ರೈತನು ಸಾಮಾನ್ಯ ದಿವಾಣಿ ನ್ಯಾಯಾಲಯದ ಮೆಟ್ಟಲನ್ನೇ ಹತ್ತಬೇಕಾಗಿತ್ತು. ಕುಂಟಿಕೊಂಡು ಹತ್ತಬೇಕಾಗಿತ್ತು ಎನ್ನಬೇಕು.

ರಸ್ತೆ ಮಾತ್ರ ಯಾರಿಗಾಗಿಯೂ ಕಾಯಲಿಲ್ಲ. ಎಂ. ಆರ್. ಜಯಕರರ ಸಮಿತಿ 1927ರಲ್ಲಿ ನೇಮಕವಾಗಿ, ರಸ್ತೆಗಳು ಇಡೀ ದೇಶದ ಹೊಣೆಯೆಂಬ ಭಾವನೆಯನ್ನು ಬೆಳೆಸಿತು. 1943ರ ನಾಗಪುರ ಯೋಜನೆ ರಸ್ತೆಗಳನ್ನು ವರ್ಗಗಳಾಗಿ ವಿಂಗಡಿಸಿತು. 1956ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಶಾಸನವಾಯಿತು. 1960ನೆಯ ಇಸವಿ ಮೇ 1ರಂದು ಗುಜರಾತು ಪ್ರತ್ಯೇಕ ರಾಜ್ಯವಾದಾಗ, ಅದೇ ದಿನ ಅದರ ರಸ್ತೆ ಸಾರಿಗೆ ನಿಗಮವೂ ಹುಟ್ಟಿತು. ತರುವಾಯದ ಬೆಳವಣಿಗೆ ಓದುಗರಿಗೆ ತಿಳಿದುದೇ: ಆಣಂದದ ಹಾಲು, ಅಂಕಲೇಶ್ವರದ ಎಣ್ಣೆ ಮತ್ತು ರಸಾಯನ, ಸೂರತ್ತಿನ ಬಟ್ಟೆ, ಬಾರಡೋಲಿಯ ಕಬ್ಬು, ವಾಪಿಯ ಕಾರ್ಖಾನೆಗಳು, ಎಲ್ಲವೂ ಈ ಒಂದು ದಾರಿಯ ಮೇಲೆಯೇ. ಉಡುಪಿ ಸೀಮೆಯ ಹೋಟೆಲುಗಾರನೂ ಹುಬ್ಬಳ್ಳಿಯ ಲಾರಿಯೂ ಈ ದಾರಿಯನ್ನೇ ಹಿಡಿದರು.

ಈ ಮಾರ್ಗದ ಗಾಯಾಳುವಿನ ಚರಿತ್ರೆಯಲ್ಲಿ ನದಿಗಳಿಗೆ ಒಂದು ವಿಶೇಷ ಪಾತ್ರವಿದೆ. ಉತ್ತರದಿಂದ ದಕ್ಷಿಣಕ್ಕೆ ಮಹೀ, ನರ್ಮದೆ, ತಾಪಿ ಎಂಬ ಮೂರು ಮಹಾನದಿಗಳು ಈ ದಾರಿಯನ್ನು ಕತ್ತರಿಸುತ್ತವೆ. ಭರೂಚದಲ್ಲಿ ನರ್ಮದೆಯ ಮೇಲೆ 1881ರಲ್ಲಿ ತೆರೆದ ಕಬ್ಬಿಣದ ಸೇತುವೆ, ಜನರ ಬಾಯಲ್ಲಿ ‘ಗೋಲ್ಡನ್ ಬ್ರಿಜ್’ ಆದದ್ದು, ರೈಲಿಗಾಗಿ ಕಟ್ಟಿದುದು. ಮುಂದೆ ರೈಲಿಗೆ ಬೇರೆ ಸೇತುವೆಯಾದ ಮೇಲೆ ಇದು ರಸ್ತೆಯ ಪಾಲಿಗೆ ಬಂದಿತು. ಹೆದ್ದಾರಿಗೆಂದೇ ಸರ್ದಾರ್ ಸೇತುವೆ ಬಂದದ್ದು 1977ರಲ್ಲಿ. ಅದೂ ಸಾಲದಾಗಿ, 2017ರಲ್ಲಿ ತೂಗುತಂತಿಗಳ ಹೊಸ ಸೇತುವೆ ತೆರೆಯುವವರೆಗೆ ಭರೂಚದ ಎರಡೂ ದಡಗಳಲ್ಲಿ ಲಾರಿಗಳು ಮೈಲುಗಟ್ಟಲೆ ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ಅಲ್ಲಿ ಬಾಳಿದವರು ಮರೆತಿರಲಾರರು. ಅಂಥ ಸಾಲಿನಲ್ಲಿ ಸಿಕ್ಕಿಕೊಂಡ ಗಾಯಾಳುವಿಗೆ ಆಚೆ ದಡದ ದೊಡ್ಡ ಆಸ್ಪತ್ರೆ ಇದ್ದೂ ಇಲ್ಲದಂತೆ. ನರ್ಮದೆಯ ಉತ್ತರಕ್ಕೆ ಬಿದ್ದವನು ವಡೋದರಕ್ಕೆ, ದಕ್ಷಿಣಕ್ಕೆ ಬಿದ್ದವನು ಸೂರತ್ತಿಗೆ ಎಂಬ ವಾಡಿಕೆ ಯಾವ ಕಟ್ಟಳೆಯಿಂದಲೂ ಬಂದುದಲ್ಲ. ನದಿಯೇ ಅದನ್ನು ಬರೆಯಿತು. ಹೀಗಿರಲು, ಸೇತುವೆಯ ಈಚೆ ಏನಿತ್ತು ಎಂಬುದೇ ಮುಖ್ಯವಾದ ಪ್ರಶ್ನೆ.

ಈಚೆ ಇದ್ದುದು ಪ್ರಾಥಮಿಕ ಆರೋಗ್ಯಕೇಂದ್ರ. ಅದರ ಕಲ್ಪನೆ 1946ರ ಭೋರ್ ಸಮಿತಿಯದು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಅದು ಕಾರ್ಯರೂಪಕ್ಕೆ ಬಂದಿತು. ಅಂದಿನ ಹಳ್ಳಿಯ ಶತ್ರುಗಳು ಮಲೇರಿಯ, ಸಿಡುಬು, ಕಾಲರಾ, ಹೆರಿಗೆಯ ಸಾವು. ಆ ಶತ್ರುಗಳಿಗಾಗಿ ಕಟ್ಟಿದ ಕೋಟೆ ಅದು. ಲಾರಿ ಬರುವುದೆಂದು ಅದನ್ನು ಕಟ್ಟಿದವರಿಗೆ ತೋರಿರಲಿಲ್ಲ. ತೋರದೆ ಇದ್ದುದು ಅವರ ತಪ್ಪೂ ಅಲ್ಲ. ಆಶ್ಚರ್ಯದ ಸಂಗತಿಯೆಂದರೆ, ಲಾರಿ ಬಂದ ಮೇಲೆಯೂ ಕೋಟೆಯ ನಕ್ಷೆ ಬದಲಾಗದೆ ಹೋದದ್ದು. ಲಕ್ಷಕ್ಕೂ ಮಿಕ್ಕ ಜನರಿಗೆ ಒಂದರಂತೆ, ಮೂವತ್ತು ಹಾಸಿಗೆಗಳ ಸಮುದಾಯ ಆರೋಗ್ಯಕೇಂದ್ರವನ್ನು ರೂಪಿಸಿದಾಗ ಅಲ್ಲಿಗೆ ನಾಲ್ವರು ತಜ್ಞರು ಬೇಕೆಂದು ನಿಯಮವಾಯಿತು: ಶಸ್ತ್ರವೈದ್ಯ, ಕಾಯವೈದ್ಯ, ಹೆರಿಗೆಯ ವೈದ್ಯೆ, ಮಕ್ಕಳ ವೈದ್ಯ. ಮೂಳೆಯ ವೈದ್ಯನು ಆ ಪಟ್ಟಿಯಲ್ಲಿರಲಿಲ್ಲ. ಅರಿವಳಿಕೆ ಕೊಡುವವನೂ ಮೊದಲಿಗೆ ಇರಲಿಲ್ಲ. ಅರಿವಳಿಕೆಯಿಲ್ಲದೆ ಶಸ್ತ್ರವೈದ್ಯನಾದರೂ ಏನು ಮಾಡಿಯಾನು? ಪಟ್ಟಿಯಲ್ಲಿದ್ದವರೂ ಬಂದು ನಿಂತರೆಂದಲ್ಲ. 2022ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳ ಪ್ರಕಾರ ದೇಶದ ಇಂಥ ಕೇಂದ್ರಗಳಿಗೆ ಬೇಕಾದ ತಜ್ಞರಲ್ಲಿ ಐದಕ್ಕೆ ನಾಲ್ಕು ಪಾಲು ಕೊರತೆಯಿತ್ತು.

ಗಾಯದ ಸ್ವರೂಪವನ್ನು ಸ್ವಲ್ಪ ವಿವರಿಸದೆ ಈ ಕೊರತೆಯ ಅರ್ಥ ತಿಳಿಯದು. ಹಳ್ಳಿಯ ರಸ್ತೆಯಲ್ಲಿ ಗಾಯಗೊಳ್ಳುವವನು ಬಹುಮಟ್ಟಿಗೆ ಕಾರಿನಲ್ಲಿ ಕುಳಿತವನಲ್ಲ. ಅವನು ದ್ವಿಚಕ್ರದ ಸವಾರ, ದಾರಿ ದಾಟುವ ಕಾಲಾಳು, ಟ್ರಾಕ್ಟರಿನ ಹಿಂದಿನ ತೊಟ್ಟಿಯಲ್ಲಿ ಕಬ್ಬಿನ ಹೊರೆಯ ಮೇಲೆ ಕುಳಿತ ಕೂಲಿಗಾರ, ಹತ್ತು ಜನರ ಜೀಪಿನಲ್ಲಿ ಹೊರಗೆ ಜೋತುಬಿದ್ದ ಹದಿನೈದನೆಯವನು. ತೊಡೆಯ ಮೂಳೆಯೊಂದು ಮುರಿದರೆ, ಹೊರಗೆ ಒಂದು ತೊಟ್ಟು ಕಾಣದೆಯೇ, ಒಂದರಿಂದ ಒಂದೂವರೆ ಲೀಟರು ರಕ್ತ ಮಾಂಸದೊಳಗೆ ಹರಿದುಬಿಡುತ್ತದೆ. ಇಡೀ ದೇಹದಲ್ಲಿರುವುದೇ ಐದು ಲೀಟರಿನಷ್ಟು. ಎರಡು ತೊಡೆಗಳೂ ಮುರಿದವನು ಮಾತಾಡುತ್ತಲೇ ಬಿಳುಪೇರಿ ತಣ್ಣಗಾಗುತ್ತಾನೆ. ಇದಕ್ಕೆ ಮೊದಲ ಮದ್ದು ದುಬಾರಿಯ ಯಂತ್ರವಲ್ಲ, ಮುರಿದ ಕಾಲನ್ನು ಎಳೆದು ನೇರವಾಗಿ ಹಿಡಿಯುವ ಒಂದು ಕಬ್ಬಿಣದ ಚೌಕಟ್ಟು. ಹ್ಯೂ ಓವನ್ ಥಾಮಸ್ ಎಂಬ ವೈದ್ಯನು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ಈ ಚೌಕಟ್ಟನ್ನು ಮೊದಲನೆಯ ಮಹಾಯುದ್ಧದ ರಣಾಂಗಣಕ್ಕೆ ಒಯ್ದ ಮೇಲೆ, ತೊಡೆಮುರಿತದಿಂದ ಸಾಯುತ್ತಿದ್ದವರ ಪ್ರಮಾಣ ನೂರಕ್ಕೆ ಎಂಬತ್ತರಿಂದ ಇಪ್ಪತ್ತರ ಸುಮಾರಿಗೆ ಇಳಿಯಿತೆಂದು ಯುದ್ಧವೈದ್ಯದ ಗ್ರಂಥಗಳು ಹೇಳುತ್ತವೆ. ಕಮ್ಮಾರನೂ ಮಾಡಿಕೊಡಬಹುದಾದ ವಸ್ತು. ಅದನ್ನು ಕಾಲಿಗೆ ತೊಡಿಸಲು ಕಲಿತ ಎರಡು ಕೈಗಳಿದ್ದರೆ ಸಾಕು.

ತಲೆಯ ಪೆಟ್ಟು ಬೇರೆ ಜಾತಿಯದು. ಬಿದ್ದವನು ಒಮ್ಮೆ ಮೂರ್ಛೆಹೋಗಿ ಎಚ್ಚತ್ತು, ನೀರು ಕೇಳಿ, ಹೆಸರು ಹೇಳಿ, ಮನೆಗೆ ಹೋಗುವೆನೆನ್ನುತ್ತಾನೆ. ತಲೆಬುರುಡೆಗೂ ಮೆದುಳಿನ ಪೊರೆಗೂ ನಡುವೆ ರಕ್ತ ತುಂಬುತ್ತಿರುವುದು ಅವನಿಗೂ ತಿಳಿಯದು, ಸುತ್ತಲಿನವರಿಗೂ ತಿಳಿಯದು. ಕೆಲವು ಗಂಟೆಗಳ ತರುವಾಯ ಒಂದು ಕಣ್ಣಿನ ಪಾಪೆ ಹಿಗ್ಗುತ್ತದೆ, ಉಸಿರು ಗೊರಗೊರ ಎನ್ನುತ್ತದೆ. ಆ ನಡುಗಾಲದಲ್ಲಿ ಬುರುಡೆಯಲ್ಲಿ ರಂಧ್ರ ಮಾಡಿ ರಕ್ತವನ್ನು ತೆಗೆದರೆ ಎದ್ದು ನಡೆಯಬಲ್ಲವನು, ತಡವಾದರೆ ಬದುಕುವುದಿಲ್ಲ. ಛಾಯಾಯಂತ್ರವೂ ನರಶಸ್ತ್ರವೈದ್ಯನೂ ಇರುವುದು ಅಹಮದಾಬಾದು, ವಡೋದರ, ಸೂರತ್ತುಗಳಲ್ಲಿ. ಹಳ್ಳಿಯ ವೈದ್ಯನ ಕೆಲಸ ಆ ಒಂದು ಪಾಪೆಯನ್ನು ನೋಡುವುದು, ನೋಡಿದ ಗಂಟೆಯನ್ನು ಬರೆಯುವುದು, ಕಳುಹಿಸುವುದು. ಇಂಥ ಪೆಟ್ಟನ್ನು ತಡೆಯಬಲ್ಲ ಶಿರಸ್ತ್ರಾಣವನ್ನು ನಗರದೊಳಗೆ ಐಚ್ಛಿಕ ಮಾಡುವ ತೀರ್ಮಾನವನ್ನು ಗುಜರಾತಿನ ಮಂತ್ರಿಮಂಡಲ 2019ರ ಡಿಸೆಂಬರಿನಲ್ಲಿ ಪ್ರಕಟಿಸಿ, ಕೇಂದ್ರದ ಆಕ್ಷೇಪವೂ ಉಚ್ಚನ್ಯಾಯಾಲಯದ ಪ್ರಶ್ನೆಯೂ ಎದುರಾಗಿ ಹಿಂದೆಗೆದುಕೊಂಡಿತು. ಅಂಥ ತೀರ್ಮಾನವನ್ನು ಮಾಡುವ ಮುಂಚೆ ಯಾರಾದರೂ ಆಸ್ಪತ್ರೆಯ ಪುಸ್ತಕವನ್ನು ತೆರೆದು ನೋಡಬಹುದಾಗಿತ್ತು.

ಸರ್ಕಾರದ ನಕ್ಷೆಯಲ್ಲಿ ಇಲ್ಲದುದನ್ನು ಕೆಲವರು ತಾವಾಗಿ ಕಟ್ಟಿದರು. ಆಣಂದದ ಬಳಿಯ ಕರಮಸದವು ವಲ್ಲಭಭಾಯಿ ಪಟೇಲರ ಮನೆತನದ ಊರು. ಅಲ್ಲಿ, ಆಡಳಿತದಲ್ಲಿ ಪಳಗಿ ಮುಂದೆ 1977ರಲ್ಲಿ ಕೇಂದ್ರದ ಅರ್ಥಮಂತ್ರಿಯೂ ಆದ ಎಚ್. ಎಂ. ಪಟೇಲರು 1972ರಲ್ಲಿ ಚಾರುತರ ಆರೋಗ್ಯ ಮಂಡಲವನ್ನು ಸ್ಥಾಪಿಸಿದರು. ಅದರ ಶ್ರೀಕೃಷ್ಣ ಆಸ್ಪತ್ರೆ 1981ರಲ್ಲಿ, ವೈದ್ಯಕೀಯ ಕಾಲೇಜು 1987ರಲ್ಲಿ ಆರಂಭವಾದುವು. ಹಳ್ಳಿಗಳ ನಡುವೆ, ಹೊಗೆಸೊಪ್ಪಿನ ಹೊಲಗಳ ಅಂಚಿನಲ್ಲಿ, ದೊಡ್ಡ ಆಸ್ಪತ್ರೆ ಬೇಕೆಂಬುದು ಅವರ ಹಟ. ಹಳೆಯ ಹೆದ್ದಾರಿ ಅದರ ಒಂದು ಬದಿಗೆ ಹತ್ತಿರ. 2004ರ ಹೊತ್ತಿಗೆ ಪೂರ್ಣವಾದ ಅಹಮದಾಬಾದು–ವಡೋದರ ವೇಗಮಾರ್ಗವೂ, ಸುಮಾರು 93 ಕಿಲೋಮೀಟರು ಉದ್ದದ್ದು, ಆಣಂದದ ಪಕ್ಕದಲ್ಲಿಯೇ ಹಾದುಹೋಯಿತು. ಹೀಗೆ, ಚಾರುತರದ ರೈತನಿಗೆಂದು ಕಟ್ಟಿದ ಆಸ್ಪತ್ರೆಯ ಬಾಗಿಲಿಗೆ ದೇಶದ ಎಲ್ಲ ಪ್ರಾಂತ್ಯಗಳ ಗಾಯಾಳುಗಳೂ ಬರತೊಡಗಿದರು. ವೇಗಮಾರ್ಗದ ಮೇಲೆ ದ್ವಿಚಕ್ರಗಳಿಗೆ ಪ್ರವೇಶವಿಲ್ಲ. ಸೈಕಲು, ಮೋಟಾರು ಸೈಕಲು, ಟ್ರಾಕ್ಟರು, ಹಾಲಿನ ಕ್ಯಾನು ಹೊತ್ತವರೆಲ್ಲ ಹಳೆಯ ದಾರಿಯಲ್ಲಿಯೇ ಉಳಿದರು. ವೇಗದ ದಾರಿ ಸಾಹುಕಾರನಿಗೆ ಸುರಕ್ಷಿತವಾಯಿತು, ಹಳ್ಳಿಯವನ ಅಪಾಯ ಇದ್ದಲ್ಲೇ ಇತ್ತು ಎಂದರೆ ಕಟುವಾಗಬಹುದು, ಸುಳ್ಳಾಗಲಾರದು.

ನರ್ಮದೆಯ ದಕ್ಷಿಣಕ್ಕೆ, ಭರೂಚ ಜಿಲ್ಲೆಯ ಝಗಡಿಯದಲ್ಲಿ, ವಿದೇಶದಲ್ಲಿ ಕೆಲಸ ಮಾಡಿ ಹಿಂದಿರುಗಿದ ಡಾ. ಅನಿಲ ದೇಸಾಯಿ, ಡಾ. ಲತಾ ದೇಸಾಯಿ ದಂಪತಿಗಳು 1980ರಲ್ಲಿ ಸೇವಾ ರೂರಲ್ ಸಂಸ್ಥೆಯನ್ನು ಆರಂಭಿಸಿ, ಒಂದು ಪುಟ್ಟ ಹೆರಿಗೆಯ ಆಸ್ಪತ್ರೆಯನ್ನು ಬೆಳೆಸಿದರು. ಅದರ ಗುರಿ ಆದಿವಾಸಿ ತಾಯಿಯೂ ಮಗುವೂ. ಆದರೆ ಝಗಡಿಯದ ಸುತ್ತ ಕಾರ್ಖಾನೆಗಳ ವಸಾಹತು ಎದ್ದಿತು. ಮರಳಿನ, ಲಿಗ್ನೈಟಿನ ಲಾರಿಗಳು ಓಡಾಡಿದುವು. ಹೆರಿಗೆಗೆಂದು ಇಟ್ಟುಕೊಂಡ ರಕ್ತ, ಅರಿವಳಿಕೆ, ಶಸ್ತ್ರದ ಕೋಣೆ ಇವೇ ರಸ್ತೆಯ ಗಾಯಾಳುವಿಗೂ ಬೇಕಾದವು ಎಂಬುದು ಗಮನಾರ್ಹ. ರಕ್ತಸ್ರಾವಕ್ಕೆ ಸಿದ್ಧವಾಗಿರುವ ಆಸ್ಪತ್ರೆ ಯಾರ ರಕ್ತವೆಂದು ಕೇಳಬೇಕಾಗಿಲ್ಲ. ತಾಯಂದಿರ ಸಾವನ್ನು ತಡೆಯುವ ಯೋಜನೆಯನ್ನೂ ಅಪಘಾತದ ಸಾವನ್ನು ತಡೆಯುವ ಯೋಜನೆಯನ್ನೂ ಬೇರೆಬೇರೆ ಕಡತಗಳಲ್ಲಿ ಕಟ್ಟಿಟ್ಟ ಪದ್ಧತಿಯ ದೋಷ ಇಂಥ ಕಡೆಯಲ್ಲಿ ಎದ್ದು ಕಾಣುತ್ತದೆ.

ಗಾಯಾಳುವಿಗೂ ಆಸ್ಪತ್ರೆಗೂ ನಡುವೆ ನದಿಯಷ್ಟೇ ಅಗಲವಾದ ಇನ್ನೊಂದು ತಡೆಯಿತ್ತು: ಭಯ. ಎತ್ತಿ ತಂದವನಿಗೆ ಠಾಣೆಯ ಭಯ, ಚಿಕಿತ್ಸೆ ಮಾಡಿದ ವೈದ್ಯನಿಗೆ ನ್ಯಾಯಾಲಯದ ಭಯ. ‘ಪೋಲೀಸು ಕೇಸು’ ಎಂಬ ಎರಡು ಮಾತುಗಳು ಹಲವರ ಪ್ರಾಣಕ್ಕೆ ಮುಳುವಾದುವು. ಕಾರು ಬಡಿದು ಬಿದ್ದ ಸ್ಕೂಟರು ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಯವರು ಮುಟ್ಟದೆ, ಇಪ್ಪತ್ತು ಕಿಲೋಮೀಟರು ದೂರದ ಇನ್ನೊಂದಕ್ಕೆ ಕಳುಹಿಸಿ, ಅವನು ದಾರಿಯಲ್ಲಿಯೇ ಸತ್ತ ಪತ್ರಿಕಾ ವರದಿಯನ್ನು ಹಿಡಿದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಪರಮಾನಂದ ಕಟಾರಾ ಅವರ ಅರ್ಜಿಯ ಮೇಲೆ, 1989ರ ಆಗಸ್ಟ್ 28ರಂದು ತೀರ್ಪು ಬಂದಿತು: ಪ್ರಾಣವನ್ನು ಉಳಿಸುವುದು ವೈದ್ಯನ ಮೊದಲ ಕರ್ತವ್ಯ, ಕಾಗದಪತ್ರದ ವಿಧಿಗಳು ಅದಕ್ಕೆ ಅಡ್ಡಬರಲಾಗದು. 1994ರಲ್ಲಿ ಮೋಟಾರು ವಾಹನ ಶಾಸನದ 134ನೆಯ ಕಲಮಿನಲ್ಲಿಯೂ ಈ ಮಾತು ಸೇರಿತು. ಎತ್ತಿ ತಂದವನ ರಕ್ಷಣೆಯ ನಿಯಮಗಳಿಗೆ ಸರ್ವೋಚ್ಚ ನ್ಯಾಯಾಲಯವು ಬಲಕೊಟ್ಟದ್ದು 2016ರ ಮಾರ್ಚ್ 30ರಂದು. ಅದು ಶಾಸನದೊಳಗೆ ಬಂದದ್ದು 2019ರ ತಿದ್ದುಪಡಿಯಲ್ಲಿ. ವೈದ್ಯನ ಭಯ ತೆಗೆಯುವುದಕ್ಕೂ ದಾರಿಹೋಕನ ಭಯ ತೆಗೆಯುವುದಕ್ಕೂ ನಡುವೆ ಕಾಲುಶತಮಾನಕ್ಕೂ ಹೆಚ್ಚು ಕಾಲ ಹೋಯಿತು.

ಇದೇ ರಸ್ತೆಯ ಕನ್ನಡದ ತುದಿಯಲ್ಲಿ ನಡೆದುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹವೇ ಎರಡು ತುಂಡಾದ ತರುಣನೊಬ್ಬನು, ಕೊನೆಯ ಕ್ಷಣಗಳಲ್ಲಿ ತನ್ನ ಅಂಗಗಳನ್ನು ದಾನಮಾಡಿರೆಂದು ಬೇಡಿಕೊಂಡನು. ಅವನ ಕಣ್ಣುಗಳು ಉಳಿದುವು. ಮರುತಿಂಗಳೇ ಕರ್ನಾಟಕ ಸರ್ಕಾರವು ಅವನ ಹೆಸರಿನಲ್ಲಿ ‘ಸಾಂತ್ವನ ಹರೀಶ್’ ಯೋಜನೆಯನ್ನು ಜಾರಿಗೆ ತಂದು, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗಿನ ವೆಚ್ಚವನ್ನು ಹೊತ್ತಿತು. ಗಾಯಾಳು ಯಾವ ರಾಜ್ಯದವನೆಂಬ ಭೇದ ಅದರಲ್ಲಿರಲಿಲ್ಲ. ಗುಜರಾತು 2018ರಲ್ಲಿ ಅದೇ 48 ಗಂಟೆಗಳಿಗೆ 50,000 ರೂಪಾಯಿಗಳನ್ನು ಗೊತ್ತುಮಾಡಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಹಣರಹಿತ ಚಿಕಿತ್ಸೆಯನ್ನು ದೇಶಕ್ಕೆಲ್ಲ ಅನ್ವಯಿಸಿತು.

ಪರಿಹಾರದ ನ್ಯಾಯದಲ್ಲಿ ಗುಜರಾತಿನ ಒಂದು ಮೊಕದ್ದಮೆ ಕನ್ನಡಿಗ ನ್ಯಾಯಾಧೀಶರೊಬ್ಬರ ಲೇಖನಿಯಿಂದ ದೇಶಕ್ಕೇ ಮೇಲ್ಪಂಕ್ತಿಯಾದದ್ದು ಹಲವರಿಗೆ ತಿಳಿದಿರಲಾರದು. ಹದಿನಾಲ್ಕು ವರ್ಷದ ಹುಡುಗನೊಬ್ಬನು ಅಪಘಾತದಲ್ಲಿ ಸತ್ತನು. ಪರಿಹಾರ ಕೇಳಿದವರು ಅವನ ಅಣ್ಣತಮ್ಮಂದಿರು. 1855ರ ಹಳೆಯ ಮಾರಕ ಅಪಘಾತ ಶಾಸನದ ಪ್ರಕಾರ ಹೆಂಡತಿ, ಗಂಡ, ತಂದೆತಾಯಿ, ಮಕ್ಕಳಿಗೆ ಮಾತ್ರ ಹಕ್ಕು. ರಾಜ್ಯದ ರಸ್ತೆ ಸಾರಿಗೆ ನಿಗಮದ ಮೇಲ್ಮನವಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ, 1987ರಲ್ಲಿ ತೀರ್ಪು ಬರೆದವರು ಮಂಡ್ಯ ಸೀಮೆಯ ಇ. ಎಸ್. ವೆಂಕಟರಾಮಯ್ಯನವರು, ಮುಂದೆ 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಾಧೀಶರಾದರು. ಭಾರತದ ಕುಟುಂಬದಲ್ಲಿ ಅಣ್ಣತಮ್ಮಂದಿರೂ ಅವರ ಮಕ್ಕಳೂ ಒಂದೇ ಒಲೆಯ ಅನ್ನವನ್ನು ಉಣ್ಣುವರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಸತ್ತವನ ಸೋದರರಿಗೂ ಪರಿಹಾರ ಬೇಡುವ ಹಕ್ಕುಂಟೆಂದು ಅವರು ನಿರ್ಣಯಿಸಿದರು. ಕೂಡುಕುಟುಂಬವನ್ನು ಕಂಡು ಬೆಳೆದವರ ವಿವೇಕ ಆ ತೀರ್ಪಿನಲ್ಲಿದೆ.

ಇಂಥ ಹಕ್ಕು ಕೈಗೆ ಬರಬೇಕಾದರೆ ಆಧಾರವೇನು? ಮತ್ತೆ ಹಳ್ಳಿಯ ಆಸ್ಪತ್ರೆಯ ಪುಸ್ತಕವೇ. ವೈದ್ಯನು ಬರೆದುಕೊಡುವ ಗಾಯಪತ್ರದಲ್ಲಿ ‘ಸಾಮಾನ್ಯ’ ಎಂದಿದೆಯೋ ‘ಘೋರ’ ಎಂದಿದೆಯೋ ಎಂಬುದರ ಮೇಲೆ ಮೊಕದ್ದಮೆ ನಿಲ್ಲುತ್ತದೆ. ಮೂಳೆ ಮುರಿದರೆ ಘೋರ. ಹಳೆಯ ದಂಡಸಂಹಿತೆಯಲ್ಲಿ ಇಪ್ಪತ್ತು ದಿನ ತೀವ್ರ ನೋವನ್ನು ಉಂಡರೆ ಘೋರ, 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಹದಿನೈದು ದಿನ. ಛಾಯಾಯಂತ್ರವಿಲ್ಲದ ಕೇಂದ್ರದಲ್ಲಿ ಮೂಳೆ ಮುರಿದುದು ತಿಳಿಯದೆ ‘ಸಾಮಾನ್ಯ’ವೆಂದು ಬರೆದುಬಿಟ್ಟರೆ, ಆ ಒಂದು ಪದವನ್ನು ತಿದ್ದಿಸಲು ಗಾಯಾಳು ವರ್ಷಗಟ್ಟಲೆ ಅಲೆಯಬೇಕು. ಪರಭಾಷೆಯ ಕೂಲಿಗಾರನ ಪಾಡು ಇನ್ನೂ ವಿಷಮ. ಮೈಮೇಲೆ ಎಚ್ಚರವಿಲ್ಲದೆ ಬಂದ ಲಾರಿಯ ಕ್ಲೀನರು, ಹೆಸರು ಹೇಳುವವರಿಲ್ಲದೆ, ‘ಅಜ್ಞಾತ ಪುರುಷ, ಸುಮಾರು 25 ವರ್ಷ’ ಎಂದು ದಾಖಲಾಗುತ್ತಾನೆ. ಅವನು ಎಚ್ಚತ್ತು ಆಡಿದ ಮೊದಲ ಮಾತು ಕನ್ನಡವಾದರೆ ದಾದಿಗೆ ಅದು ಯಾವ ನಾಡಿನ ಭಾಷೆಯೆಂಬುದೂ ತಿಳಿಯದೆ ಹೋಗಬಹುದು.

2001ರ ಜನವರಿ 26ರ ಭೂಕಂಪವು ಗುಜರಾತಿನ ಆಡಳಿತಕ್ಕೆ ಗಾಯಾಳುವನ್ನು ಸಾಗಿಸುವ ಕಷ್ಟವನ್ನು ಕಲಿಸಿತು. ಒಂದೂವರೆ ಲಕ್ಷಕ್ಕೂ ಮಿಕ್ಕ ಜನ ಗಾಯಗೊಂಡ ಆ ದಿನಗಳ ನೆನಪು 2007ರ ತುರ್ತು ವೈದ್ಯಸೇವಾ ಶಾಸನದ ಹಿಂದಿತ್ತೆಂದು ಊಹಿಸಬಹುದು. ಈ ಬಗೆಯ ಶಾಸನವನ್ನು ಮೊದಲು ಮಾಡಿದ ಕೀರ್ತಿ ಗುಜರಾತಿಗೆ ಸಲ್ಲುತ್ತದೆ. ಅದೇ ವರ್ಷ ಆಗಸ್ಟ್ 29ರಂದು 108ರ ಗಾಡಿಗಳು ಅಹಮದಾಬಾದಿನಲ್ಲಿ ಓಡತೊಡಗಿದುವು. ಹೈದರಾಬಾದಿನಲ್ಲಿ 2005ರ ಆಗಸ್ಟ್ 15ರಂದು ಹುಟ್ಟಿದ ವ್ಯವಸ್ಥೆ ಇದು. ಕರ್ನಾಟಕಕ್ಕೆ ‘ಆರೋಗ್ಯ ಕವಚ’ವೆಂಬ ಹೆಸರಿನಲ್ಲಿ 2008ರ ರಾಜ್ಯೋತ್ಸವದಂದು ಬಂದಿತು. ಅಲ್ಲಿಯವರೆಗೆ ಹಾಲಿನ ಟೆಂಪೋ, ರಿಕ್ಷಾ, ಟ್ರಾಕ್ಟರುಗಳೇ ಗಾಯಾಳುವಿನ ವಾಹನ. ಕುತ್ತಿಗೆಯ ಎಲುಬು ಮುರಿದವನನ್ನು ಕೈಕಾಲು ಹಿಡಿದು ಎತ್ತಿದಾಗ, ಎತ್ತಿದವರ ಕರುಣೆಯೇ ಅವನ ಬೆನ್ನುಹುರಿಯನ್ನು ಕತ್ತರಿಸಿದ್ದುಂಟು. ಹಲಗೆಯ ಮೇಲೆ ಮಲಗಿಸಿ, ಕುತ್ತಿಗೆಗೆ ಪಟ್ಟಿ ತೊಡಿಸಿ, ಆಮ್ಲಜನಕ ಕೊಡುತ್ತ ಒಯ್ಯುವ ಗಾಡಿ ದೊಡ್ಡ ಬದಲಾವಣೆಯನ್ನೇ ತಂದಿತು.

ಆದರೂ ಈ ಗಾಡಿಯಿಂದ ಹಳ್ಳಿಯ ಆಸ್ಪತ್ರೆ ಬಲವಾಯಿತೇ ಎಂದರೆ, ಹೌದೆನ್ನುವುದು ಕಷ್ಟ. ವಾಹನ ಬಂದ ಮೇಲೆ ‘ಮುಂದಿನ ಚಿಕಿತ್ಸೆಗಾಗಿ ಮೇಲಿನ ಆಸ್ಪತ್ರೆಗೆ’ ಎಂದು ಬರೆಯುವುದು ಸುಲಭವಾಯಿತು. ಒಂದೆರಡು ಹೊಲಿಗೆ ಹಾಕಿ, ಸೂಜಿ ಚುಚ್ಚಿ, ಆ ಒಂದು ಸಾಲನ್ನು ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ಬೆಳೆಯಿತು. ಚತುಷ್ಕೋನ ಹೆದ್ದಾರಿಯ 5,846 ಕಿಲೋಮೀಟರುಗಳ ಉದ್ದಕ್ಕೂ ನೂರು ಕಿಲೋಮೀಟರಿಗೊಂದು ಆಘಾತ ಚಿಕಿತ್ಸಾಕೇಂದ್ರ, ಐವತ್ತಕ್ಕೊಂದು ಗಾಡಿ ಎಂದು ಹನ್ನೊಂದನೆಯ ಪಂಚವಾರ್ಷಿಕ ಯೋಜನೆ ಗೊತ್ತುಮಾಡಿತ್ತು. ಅಳತೆ ಹೆದ್ದಾರಿಯ ಉದ್ದಕ್ಕೆ; ಹೆದ್ದಾರಿಯಿಂದ ಒಳಕ್ಕೆ ಹೋಗುವ ದಾರಿಗಳಿಗೆ ಅಳತೆಯಿಲ್ಲ. 2021ರ ಜನವರಿಯಲ್ಲಿ ಸೂರತ್ತು ಜಿಲ್ಲೆಯ ಕೀಮ್–ಮಾಂಡವಿ ರಸ್ತೆಯ ಬದಿಯಲ್ಲಿ ಮಲಗಿದ್ದ ರಾಜಸ್ಥಾನದ ಕೂಲಿಗಾರರ ಮೇಲೆ, ಕಬ್ಬಿನ ಟ್ರಾಕ್ಟರಿಗೆ ತಗುಲಿದ ಲಾರಿಯೊಂದು ಹರಿದು ಹದಿನೈದು ಮಂದಿ ಸತ್ತದ್ದು ಅಂಥ ಒಳದಾರಿಯಲ್ಲಿಯೇ. ಅವರು ರಸ್ತೆಯಲ್ಲಿ ಪ್ರಯಾಣ ಮಾಡುತ್ತಿದ್ದವರೂ ಅಲ್ಲ. ರಸ್ತೆಯೇ ಅವರ ಮನೆಯಾಗಿತ್ತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿ ಸತ್ತದ್ದು ಗ್ರಾಮಪ್ರದೇಶದಲ್ಲಿ.

2025ರ ಜುಲೈ 9ರ ಬೆಳಿಗ್ಗೆ ಮಹೀನದಿಯ ಮೇಲಿನ ಗಂಭೀರಾ ಸೇತುವೆಯ ಒಂದು ಹಲಗೆ ಕುಸಿಯಿತು. ವಡೋದರ ಜಿಲ್ಲೆಯ ಪಾದ್ರಾ ತಾಲ್ಲೂಕನ್ನು ಆಣಂದ ಜಿಲ್ಲೆಗೆ ಕೂಡಿಸುವ, ನಾಲ್ಕು ದಶಕಗಳ ಹಳೆಯ ಸೇತುವೆ ಅದು. ಲಾರಿಗಳೂ ಸಣ್ಣ ವಾಹನಗಳೂ ನದಿಗೆ ಬಿದ್ದು ಕನಿಷ್ಠ ಇಪ್ಪತ್ತು ಮಂದಿ ಅಸುನೀಗಿದರು. ಒಂದು ಟ್ಯಾಂಕರು ಮುರಿದ ಅಂಚಿನಲ್ಲಿ ತೂಗಿಕೊಂಡು ನಿಂತದ್ದರ ಚಿತ್ರವನ್ನು ದೇಶವೆಲ್ಲ ನೋಡಿತು. ನೀರಿಗಿಳಿದು ಮೊದಲು ಕೈಕೊಟ್ಟವರು ಮುಜಪುರದ ಸುತ್ತಿನ ಹಳ್ಳಿಗರು. ಎತ್ತಿದವರನ್ನು ಒಯ್ದದ್ದು ಪಾದ್ರಾದ ಆಸ್ಪತ್ರೆಗೆ, ಅಲ್ಲಿಂದ ವಡೋದರದ ಸಯಾಜಿರಾಯರ ಆಸ್ಪತ್ರೆಗೆ. ಆ ದಿನದಿಂದ, ಆಚೆ ದಡದ ಗಂಭೀರಾ ಗ್ರಾಮದಲ್ಲಿ ಯಾರಾದರೂ ದಾರಿಯಲ್ಲಿ ಬಿದ್ದರೆ, ಕಣ್ಣಿಗೆ ಕಾಣುವ ಪಾದ್ರಾದ ದಡಕ್ಕೆ ಬರಲು ವಾಸದದ ಕಡೆಯಿಂದ ಸುತ್ತಿ ಬರಬೇಕಾಯಿತು.